ಮುಂಗಡ ಕೊಡದೆ ಹಂಚಿನ ಮಾಡು ಹೊಸದು ಮಾಡಿಸಿದೆ

ನಮ್ಮ ಮನೆಯ ಹಳೇ ಮಾಡು, ಅಂದರೆ ಚಾವಣಿ, ಸೋರುತ್ತಿತ್ತು. ಹಂಚು ಇಳಿಸಿ ಶೀಟ್ ಹಾಕಿಸು ಎಂದವರೇ ಜಾಸ್ತಿ. ಹಂಚೇ ಬೇಕು, ಮುಂಗಡ ಕೊಡಲ್ಲ, ಮಳೆ ನೋಡಿಯೇ ಕೊನೆಯ ಕಂತು ಎಂದಾಗ, ‘ಅಂಥ ಕರಾರಿಗೆ ಬಣಕಲ್ ಸುತ್ತ ಒಬ್ಬ ಮೇಸ್ತ್ರಿಯೂ ಬರಲ್ಲ’ ಎಂದರು. ಬಂದರು. ಆಶ್ಲೇಷ ಮಳೆ ಕಳೆದರೂ ಮನೆಯೊಳಗೆ ಒಂದು ಹನಿ ಬಿದ್ದಿಲ್ಲ. ಮಲೆನಾಡಿನಲ್ಲಿ, ನಮ್ಮ ಕೊಟ್ಟಿಗೆಹಾರದ ಕಡೆಯ ಮಳೆ ಕಂಡವರಿಗೆ ಇದರ ಬೆಲೆ ಗೊತ್ತು.

ಮೊದಲು ಕೆಟ್ಟ ಕಥೆ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಒಬ್ಬ ಗುತ್ತಿಗೆದಾರ ಸಾಮಾನು ಸಮೇತ 5.5 ಲಕ್ಷಕ್ಕೆ ಒಪ್ಪಿಕೊಂಡ. 50 ಸಾವಿರ ಮುಂಗಡ ತಗೊಂಡು, ಅಡುಗೆಮನೆ ಮೇಲಿನ ಹಂಚು ಇಳಿಸಿ, ಬೇರೆ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಂದಾಗ ಒಲೆ ಮೇಲೆ ಟಾರ್ಪಾಲ್! ಆಮೇಲೆ ದಿನಗೂಲಿಗೆ ಬಂದವರು ದಾರ ಕಟ್ಟದೆ ರೀಪು, ಅಂದರೆ ಹಂಚು ಕೂರುವ ಮರದ ಅಡ್ಡಪಟ್ಟಿ, ಹೊಡೆದರು. ಅಂತರ ಒಂದು ಕಡೆ 12 ಇಂಚು, ಇನ್ನೊಂದು ಕಡೆ 13.5. ಹಂಚಿನ ಕೊಕ್ಕೆ ರೀಪಿಗೆ ಸಿಗಲೇ ಇಲ್ಲ. ಗಾಳಿಮಳೆಗೆ ನೀರು ಸಂದಿಯಲ್ಲಿ ಹಿಂದಕ್ಕೆ ನುಗ್ಗಿತು. ಬಿಚ್ಚಿ ಮತ್ತೆ ಹೊಡೆಸಿದ್ದಕ್ಕೇ 30 ಸಾವಿರದ ಹತ್ತಿರ ಹೋಯಿತು.

ಈ ಸಲ ಸಾಮಾನು ನನ್ನದು, ಕೂಲಿ ಮಾತ್ರ ಚದರದ (ನೂರು ಚದರಡಿಯ) ಲೆಕ್ಕ. ಮಾಡಿನ ಒಂದು ಮಗ್ಗುಲು ಮುಗಿಯದೆ ಇನ್ನೊಂದು ಬಿಚ್ಚುವ ಹಾಗಿಲ್ಲ. ಪ್ರತಿ ಶನಿವಾರ ಅಳತೆ ಹಾಕಿ ದುಡ್ಡು. 25 ಸಾವಿರ ಮಾತ್ರ ಪುಷ್ಯ ಮಳೆ ಮುಗಿದ ಮೇಲೆ. ಮೇಸ್ತ್ರಿ ಒಪ್ಪಿದ್ದು ಒಂದೇ ಒಂದು ಮಾತಿಗೆ: ಸಾಮಾನಿಲ್ಲದೆ ನಿಮ್ಮ ಜನ ಒಂದು ದಿನ ಕೂತರೆ ಆ ದಿನದ ಕೂಲಿ ನಾನು ಕೊಡುತ್ತೇನೆ ಎಂದಿದ್ದೆ. ‘ಅಣ್ಣಾ, ಮುಂಗಡಕ್ಕಿಂತ ಇದೇ ವಾಸಿ’ ಎಂದರು. ಮುಂಗಡದ ಅರ್ಧ ದುಡ್ಡು ಸಾಮಾನು ಬರಲಿ ಅಂತ ಕಾಯುತ್ತ ಕೂರುವುದರಲ್ಲೇ ಕರಗುತ್ತದೆ ಅಂತ ಅವರಿಗೂ ಗೊತ್ತು. ಕಾಫಿ ಕುಯ್ಲು ಮುಗಿಯುವವರೆಗೆ ಮಾತ್ರ ಅವರನ್ನು ಕರೆಯಲಿಲ್ಲ. ಆಗ ಆಳು ಸಿಗಲ್ಲ, ಸಿಕ್ಕರೂ ನಿಲ್ಲಲ್ಲ.

ಹಂಚಿನ ವಿಷಯಕ್ಕೆ ಬರುತ್ತೇನೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆ ಬಂದವು, ಒಬ್ಬೊಬ್ಬರ ಅಚ್ಚು ಒಂದೊಂದು ಥರ. ಎರಡು ಕಾರ್ಖಾನೆಯ ಹಂಚು ಪಕ್ಕಪಕ್ಕ ಕೂರಿಸಿದರೆ ಸೋರುವುದು ಖಂಡಿತ. ಅದಕ್ಕೇ ಹಿಂಬದಿಯ ಮುದ್ರೆ ನೋಡಿ ಬೇರೆಬೇರೆ ರಾಶಿ ಹಾಕಿಸಿದೆ, ಒಂದು ಮಗ್ಗುಲಿಗೆ ಒಂದೇ ಮುದ್ರೆ. ಪ್ರತಿ ಹಂಚನ್ನೂ ಗೆಣ್ಣಿನಿಂದ ಬಡಿದು ನೋಡಿದೆ. ಟಣ್ ಎಂದರೆ ಇಟ್ಟುಕೊಳ್ಳುವುದು, ಡಬ್ ಎಂದರೆ ಕಣ್ಣಿಗೆ ಕಾಣದ ಬಿರುಕು, ಅಂಗಳಕ್ಕೆ. 16 ಚದರಕ್ಕೆ ಸುಮಾರು 2,200 ಹಂಚು ಬೇಕಿತ್ತು, ಅರ್ಧಕ್ಕಿಂತ ಜಾಸ್ತಿ ಹಳೆಯದೇ ಆಯಿತು. ಉಳಿದದ್ದು ಕೆಡವುತ್ತಿದ್ದ ಮನೆಗಳಿಂದ ತಂದೆ, ಒಂದಕ್ಕೆ ಹೆಚ್ಚುಕಡಿಮೆ 16 ರೂಪಾಯಿ. ಎಲ್ಲಿ ಸಿಗುತ್ತೆ ಅಂತ ಇಲ್ಲಿ ಬರೆಯಲ್ಲ, ನನಗೇ ಇನ್ನೂ ಬೇಕು.

ರೀಪಿಗೆ ತೋಟದ ಸಿಲ್ವರ್ ಓಕ್ ಎಂದಾಗಲೂ ಎಲ್ಲರೂ ಬೇಡ ಎಂದರು, ಹುಳ ತಿನ್ನುತ್ತೆ ಅಂತ. ಅದಕ್ಕೆ ಮೊದಲೇ ಕೊಟ್ಟಿಗೆಯಲ್ಲಿ ತುಂಡುಗಳನ್ನು ಇಟ್ಟು ನೋಡಿದ್ದೆ. ಸುಮ್ನೆ ಇಟ್ಟದ್ದರ ಕೆಳಗೆ ಕೆಲವೇ ತಿಂಗಳಲ್ಲಿ ಹಿಟ್ಟು ಉದುರಿತು. ಗೇರು ಎಣ್ಣೆ ಬಳಿದದ್ದು ಮೈಯೆಲ್ಲ ಚೆನ್ನಾಗಿತ್ತು, ಕುಯ್ದ ತುದಿಯಲ್ಲಿ ತೂತು. ಬೋರಾಕ್ಸ್, ಬೋರಿಕ್ ಆಸಿಡ್ 3ಕ್ಕೆ 2ರ ಲೆಕ್ಕದಲ್ಲಿ ಬಿಸಿನೀರಲ್ಲಿ ಕರಗಿಸಿ ಅದ್ದಿದ ತುಂಡನ್ನು ಹುಳ ಮುಟ್ಟಲೇ ಇಲ್ಲ. ಮರ ಹಸಿ ಇದ್ದಾಗಲೇ ಅದ್ದಬೇಕು, ಆಗಲೇ ಔಷಧಿ ಒಳಕ್ಕೆ ಇಳಿಯುವುದು. ಮಳೆನೀರು ತಾಗಿದರೆ ತೊಳೆದುಹೋಗುತ್ತೆ, ಆದ್ದರಿಂದ ಸೂರಿನ ಅಂಚಿನ ರೀಪಿಗೆ ಮಾತ್ರ ಹಳೇ ಮನೆಯ ಹೆಬ್ಬಲಸಿನ ಮರ ಹಾಕಿಸಿದೆ.

ರೀಪಿನ ಅಂತರ ನಮ್ಮ ಹಂಚಿಗೆ 12.5 ಇಂಚು ಬಂತು. ಹಂಚನ್ನೇ ನೆಲದ ಮೇಲೆ ಜೋಡಿಸಿ, ಆ ಅಳತೆಗೆ ಒಂದು ಕೋಲು ಕತ್ತರಿಸಿ ಮೇಸ್ತ್ರಿ ಕೈಗೆ ಕೊಟ್ಟೆ. ಟೇಪ್ ಹಿಡಿಯಲು ಬಿಡಲಿಲ್ಲ. ಎರಡು ಮಾಡು ಕೂಡುವ ಸಂದಿಯಲ್ಲಿ ನೀರು ಹರಿದುಹೋಗುವ ತಗಡಿನ ದೋಣಿ ಕೆಳಗೆ ನಾನು ಹಾಕಿಸಿದ ಒಂದು ಪದರ ಇದೆ, ಅದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ. ಹಳೇ ಮಾಡು ಮೊದಲು ಸೋರುತ್ತಿದ್ದದ್ದೇ ಅಲ್ಲಿ.

ಕೂಲಿ ಚದರಕ್ಕೆ 9 ಸಾವಿರದಂತೆ 1.4 ಲಕ್ಷ ಚಿಲ್ಲರೆ. ಹಂಚು, ಸಾಗಣೆ, ಮರ ಕುಯ್ಯಿಸಿದ್ದು, ಮೊಳೆ, ತಗಡು, ನಾಲ್ಕೈದು ಗಾಜಿನ ಹಂಚು, ಊಟ ಎಲ್ಲಾ ಸೇರಿ 2.5 ಲಕ್ಷದ ಒಳಗೇ ಮುಗಿಯಿತು. ಪುಷ್ಯ ಮುಗಿದ ಮಾರನೇ ದಿನ ಮೇಸ್ತ್ರಿಗೆ ಬಾಕಿ ಕೊಟ್ಟೆ, ಅವರೇ ಅಟ್ಟ ಹತ್ತಿ ಟಾರ್ಚ್ ಹಾಕಿ ಮೂಲೆಮೂಲೆ ನೋಡಿಕೊಂಡು ಬಂದಿದ್ದರು. ಈಗ ಕೊಟ್ಟಿಗೆಯ ಮಾಡಿಗೂ ಅವರೇ. ಚದರಕ್ಕೆ 500 ಜಾಸ್ತಿ ಕೇಳಿದ್ದಾರೆ, ಒಪ್ಪಿದ್ದೇನೆ. ಉಳಿದ ಕರಾರು ಹಿಂದಿನದೇ.