ಕೊಕ್ಕೆಯಲ್ಲಿ ಉಳಿದ ಒಂದು ಟೋಕನ್

ಆಯುಧಪೂಜೆಯ ದಿನ ಕಾರ್ಖಾನೆಯೊಳಗೆ ಒಂದು ಕೊಲೆ. ಅದನ್ನು ಬಿಡಿಸುವವನು ಯೂನಿಯನ್ನಿನ ಜಂಟಿ ಕಾರ್ಯದರ್ಶಿ. ಒಂದು ಸಾಲಿನಲ್ಲಿ ಮುಗಿಯುವ ಈ ಕಥೆಯನ್ನು ನಾನು ಹೆಚ್ಚುಕಡಿಮೆ ಏಳು ವರ್ಷ ಬರೆದೆ. ಐದು ಸಲ ವಾಪಸು ಬಂತು. ಆರನೆಯ ಸಲ ಒಂದು ವಾರಪತ್ರಿಕೆಯ ದೀಪಾವಳಿ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಪಡೆಯಿತು. ನಾನು ಕಳಿಸಿದ ಸ್ಪರ್ಧೆಗಳಲ್ಲಿ ಪತ್ತೇದಾರಿ ಕಥೆಗೆ ಬೇರೆ ವಿಭಾಗವೇನೂ ಇರಲಿಲ್ಲ; ಸಾಮಾಜಿಕ ಕಥೆಗಳ ಪಕ್ಕದಲ್ಲೇ ಕುಳಿತು ಅದು ಗೆಲ್ಲಬೇಕಿತ್ತು, ಗೆದ್ದಿತು. "ಪತ್ತೇದಾರಿಗೆ ಯಾರೂ ಬಹುಮಾನ ಕೊಡುವುದಿಲ್ಲ" ಎಂದಿದ್ದ ಬರಹಗಾರ ಗೆಳೆಯರು ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸುಳಿವು, ಹಾದಿ ತಪ್ಪಿಸುವುದು, ಕೊನೆಯಲ್ಲಿ ಬಿಡಿಸುವುದು ಇವೆಲ್ಲ ಏನೆಂದು ನಿಮಗೆ ಗೊತ್ತಿರುವುದರಿಂದ ಅವುಗಳ ಪಾಠ ಹೇಳುವುದಿಲ್ಲ.

ಮೊದಲ ಪ್ರತಿಯಲ್ಲಿ ನಾನು ಮಾಡಿದ್ದು ಇಂಗ್ಲೆಂಡಿನ ಕ್ರಿಸ್‌ಮಸ್ ಕೊಲೆಗಳ ನಕಲು. ಅಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ, ದೊಡ್ಡ ಮನೆಯಲ್ಲಿ ಹತ್ತು ಜನ ಸಿಕ್ಕಿಕೊಳ್ಳುತ್ತಾರೆ, ಕೊಲೆಗಾರ ಅವರೊಳಗೇ ಇರುತ್ತಾನೆ. ನಾನು ಹಿಮದ ಬದಲು ಮಲೆನಾಡಿನ ಮಳೆ ಹಾಕಿದೆ, ಕ್ರಿಸ್‌ಮಸ್ ತೆಗೆದು ದೀಪಾವಳಿ ಇಟ್ಟೆ. ಸಂಪಾದಕರೊಬ್ಬರು ಹಸ್ತಪ್ರತಿಯ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದು ಹಿಂದಿರುಗಿಸಿದರು: "ಹಬ್ಬದ ದಿನ ನಮ್ಮವರು ಬಾಗಿಲು ಹಾಕಿಕೊಳ್ಳುತ್ತಾರೆಯೇ?" ಆ ಪ್ರಶ್ನೆ ಓದಿ ನಾನು ಒಂದು ವಾರ ಏನನ್ನೂ ಬರೆಯಲಿಲ್ಲ. ಅವರ ಹಬ್ಬ ಬಾಗಿಲು ಮುಚ್ಚುವ ಹಬ್ಬ, ನಮ್ಮದು ತೆರೆಯುವ ಹಬ್ಬ. ಬೀದಿಯವರೆಲ್ಲ ಒಳಗೆ ಬಂದು ಹೋಗುವ ಮನೆಯಲ್ಲಿ ಹತ್ತೇ ಜನರ ಮೇಲೆ ಸಂಶಯ ಪಡುವುದು ಹೇಗೆ?

ಉತ್ತರ ಮೂವತ್ತೊಂದು ವರ್ಷ ನಾನು ದುಡಿದ ಜಾಗದಲ್ಲೇ ಇತ್ತು. ಕಾರ್ಖಾನೆಯ ಗೇಟು ವರ್ಷವೆಲ್ಲ ಬಿಗಿ: ಟೋಕನ್ ಇಲ್ಲದೆ ಒಳಗಿಲ್ಲ, ಪಾಸ್ ಇಲ್ಲದೆ ಹೊರಗಿಲ್ಲ. ಪೂಜೆಯ ದಿನ ಮಾತ್ರ ಹೆಂಡತಿ, ಮಕ್ಕಳು, ತಂದೆ ತಾಯಿ ಎಲ್ಲರೂ ಬಂದು ಲೇತ್ ಯಂತ್ರಕ್ಕೆ ಕಟ್ಟಿದ ಬಾಳೆಕಂದು, ಚೆಂಡುಹೂವಿನ ಹಾರ ನೋಡುತ್ತಾರೆ, ಕಡಲೆಪುರಿ ತಿನ್ನುತ್ತಾರೆ. ಮುಚ್ಚಿರುವ ಜಾಗ ಒಂದು ದಿನ ತೆರೆಯುತ್ತದೆ. ನನ್ನ ಕಥೆಗೆ ಬೇಕಾಗಿದ್ದುದು ಅದೇ.

ಈ ನಡುವೆ ಇನ್ನೊಂದು ದಾರಿ ಹಿಡಿದು ಆರು ತಿಂಗಳು ಕಳೆದೆ. ನಾರ್ವೆಯಲ್ಲಿ ಈಸ್ಟರ್ ರಜೆಗೆ ಜನ ಅಪರಾಧ ಕಾದಂಬರಿ ಓದುವ ವಾಡಿಕೆ ಇದೆ. ಹಾಲಿನ ಪೆಟ್ಟಿಗೆಯ ಮೇಲೂ ಪುಟ್ಟ ಪತ್ತೇದಾರಿ ಕಥೆ ಅಚ್ಚಾಗುತ್ತದೆ. 1923ರಲ್ಲಿ ಅಲ್ಲಿನ ಪತ್ರಿಕೆಯೊಂದರ ಮುಖಪುಟದಲ್ಲಿ ಬರ್ಗನ್ ರೈಲು ಲೂಟಿಯಾಯಿತೆಂದು ಬಂದ ಸಾಲನ್ನು ಜನ ನಿಜವಾದ ಸುದ್ದಿ ಎಂದೇ ನಂಬಿದ್ದರು. ಅದು ಕಾದಂಬರಿಯೊಂದರ ಜಾಹೀರಾತು. ಅದೇ 1923ರಲ್ಲಿ ಮದರಾಸಿನಲ್ಲಿ ಕಾರ್ಮಿಕ ಮುಖಂಡ ಸಿಂಗಾರವೇಲರ್ ನಮ್ಮ ದೇಶದ ಮೊದಲ ಮೇ ದಿನ ಆಚರಿಸಿದರು. ಈ ಎರಡು ಇಸವಿ ಒಂದೇ ಆದದ್ದು ನನ್ನ ತಲೆ ಕೆಡಿಸಿತು. ಮೇ ದಿನದ ಪತ್ತೇದಾರಿ ಕಥೆ ಬರೆಯಲು ಕುಳಿತೆ. ಆಗಲಿಲ್ಲ. ಮೇ ಒಂದರಂದು ಕಾರ್ಖಾನೆಗೆ ರಜೆ. ಬಾವುಟ ಹಾರಿಸಿ, ಭಾಷಣ ಕೇಳಿ, ಮೆರವಣಿಗೆ ಮುಗಿಸಿ ಎಲ್ಲರೂ ಮನೆಗೆ ಹೋಗುತ್ತಾರೆ. ಯಂತ್ರವೂ ಇಲ್ಲ, ಸಲಕರಣೆಯೂ ಇಲ್ಲ, ಕೈಗೆ ಸಿಗುವ ಸುಳಿವೂ ಇಲ್ಲ. ನಲವತ್ತು ಪುಟ ಬರೆದು ಕಟ್ಟಿಟ್ಟೆ.

ಮೂರನೆಯ ಪ್ರತಿಯ ಪೆಟ್ಟು ಹೆಚ್ಚು ನೋಯಿಸಿತು. ಅದರಲ್ಲಿ ಯೂನಿಯನ್ನಿನ ಖಜಾಂಚಿ ಚಂದಾ ಹಣ ನುಂಗಿರುತ್ತಾನೆ, ಗುಟ್ಟು ಗೊತ್ತಾದವನನ್ನು ಕೊಲ್ಲುತ್ತಾನೆ. ನಮ್ಮ ಹಿರಿಯ ಸಂಗಾತಿಯೊಬ್ಬರಿಗೆ ಓದಲು ಕೊಟ್ಟೆ. ಅವರು ಎರಡು ದಿನ ಇಟ್ಟುಕೊಂಡು ಕಟ್ಟನ್ನು ಮೇಜಿನ ಮೇಲಿಟ್ಟು ಹೇಳಿದರು: "ಹೊರಗಿನವರು ನಮ್ಮ ಬಗ್ಗೆ ಹೇಳುವುದು ಇದನ್ನೇ. ನೀನೂ ಇದನ್ನೇ ಹೇಳುವುದಾದರೆ ಒಳಗಿದ್ದು ಏನು ಕಂಡೆಯಪ್ಪಾ?" ನನ್ನ ಬಳಿ ಉತ್ತರ ಇರಲಿಲ್ಲ. ಅವರ ಸಿಟ್ಟಿಗೆ ಇತಿಹಾಸದ ಕಾರಣವೂ ಇತ್ತು. 1892ರಲ್ಲಿ ಅಮೆರಿಕದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರನಿರತರ ಮೇಲೆ ಬಂದೂಕು ಹಿಡಿದು ಬಂದವರು ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯ ಆಳುಗಳು. ಒರಟು ಧಾಟಿಯ (ಹಾರ್ಡ್‌ಬಾಯಿಲ್ಡ್) ಪತ್ತೇದಾರಿ ಕಥೆಯ ದೊಡ್ಡ ಹೆಸರಾದ ಡ್ಯಾಶಿಯಲ್ ಹ್ಯಾಮೆಟ್ ಕೂಡ ಅದೇ ಸಂಸ್ಥೆಯಲ್ಲಿ ಕೆಲಸ ಮಾಡಿ ಬಂದವರು. ಪತ್ತೇದಾರನೆಂದರೆ ಮಾಲೀಕರ ಕಡೆಯವನು ಎಂದು ಕಾರ್ಮಿಕರಿಗೆ ಅನ್ನಿಸಿದರೆ ತಪ್ಪಲ್ಲ. ನಾನು ಓದಿ ಬೆಳೆದದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು. ಬಾಡಿಗೆ ಪುಸ್ತಕದಂಗಡಿಯಲ್ಲಿ ದಿನಕ್ಕೊಂದು ತಂದು ಓದುತ್ತಿದ್ದೆ, ಆ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಆತನನ್ನು ನಮ್ಮ ಗೇಟಿನೊಳಗೆ ಕರೆತಂದರೆ ಯಾರೂ ಬಾಯಿ ಬಿಡುವುದಿಲ್ಲ.

ಹಾಗಾದರೆ ಬಿಡಿಸುವವನು ಯಾರು? ಆಂತರಿಕ ವಿಚಾರಣೆಯಲ್ಲಿ ಕೂತವರಿಗೆ ಇದು ತಟ್ಟನೆ ಹೊಳೆಯಬೇಕಿತ್ತು, ನನಗೇ ಹೊಳೆಯಲು ನಾಲ್ಕು ವರ್ಷ ಹಿಡಿಯಿತು. ಚಾರ್ಜ್‌ಶೀಟ್ ಪಡೆದ ಕಾರ್ಮಿಕನ ಪಕ್ಕದಲ್ಲಿ ಸಹಾಯಕನಾಗಿ ಕೂರುವ ಯೂನಿಯನ್ ಪದಾಧಿಕಾರಿ ಸಾಕ್ಷಿಗಳಿಗೆ ಪಾಟೀಸವಾಲು ಹಾಕುತ್ತಾನೆ, ರಿಜಿಸ್ಟರ್ ತರಿಸಿ ನೋಡುತ್ತಾನೆ, ಶಿಫ್ಟಿನ ವೇಳೆ ತಾಳೆ ಹಾಕುತ್ತಾನೆ. ಅವನು ಪತ್ತೇದಾರನಲ್ಲದೆ ಮತ್ತೇನು? ಅಂಥ ಹನ್ನೆರಡೋ ಹದಿಮೂರೋ ವಿಚಾರಣೆಗಳಲ್ಲಿ ನಾನು ಕೂತಿದ್ದೇನೆ. ಏಳೆಂಟರಲ್ಲಿ ನಮ್ಮವರನ್ನು ಉಳಿಸಿಕೊಂಡಿದ್ದೇನೆ. ಒಳಗಿದ್ದು ನಾನು ಕಂಡದ್ದು ಇದು ಎಂದು ಆ ಹಿರಿಯರಿಗೆ ಈಗ ಹೇಳಬಹುದಾಗಿತ್ತು.

ಕೊಲೆಯ ಕಾರಣವನ್ನು ಬೋನಸ್ ಕಾನೂನಿನಿಂದಲೇ ತೆಗೆದೆ. ಕಥೆಯ ಕಾಲದಲ್ಲಿ ಜಾರಿಯಲ್ಲಿದ್ದ 1965ರ ಕಾಯಿದೆಯಲ್ಲಿ ಸಂಬಳದ ಕನಿಷ್ಠ ಶೇಕಡಾ 8.33, ಗರಿಷ್ಠ ಶೇಕಡಾ 20 ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕು. ಮಾರ್ಚಿಗೆ ಲೆಕ್ಕ ಮುಗಿಸುವ ಕಾರ್ಖಾನೆಗೆ ಅದು ನವೆಂಬರ್ ಕೊನೆ. ಹಾಗಾಗಿಯೇ ದಸರಾ ದೀಪಾವಳಿಯ ಹೊತ್ತಿಗೆ ಗೇಟಿನ ಮುಂದೆ ಬಿಸಿ ಏರುತ್ತದೆ. ಆದರೆ ಆ ಕಾಯಿದೆಯ ಒಂಬತ್ತನೆಯ ಕಲಮನ್ನು ಓದಿದವರು ಕಡಿಮೆ. ವಂಚನೆ, ಕಾರ್ಖಾನೆಯೊಳಗೆ ಹಿಂಸಾಚಾರ, ಕಳವು ಅಥವಾ ವಿಧ್ವಂಸ ಇವುಗಳಿಗಾಗಿ ವಜಾ ಆದವನಿಗೆ ಬೋನಸ್ ಇರಲಿಲ್ಲ. ಅಂದರೆ ಮೈಕ್ರೋಮೀಟರ್ ಎಂಬ ಒಂದು ಅಳತೆಯ ಸಲಕರಣೆ ಕದ್ದನೆಂಬ ಆರೋಪ ಹಬ್ಬಕ್ಕೆ ಮುಂಚೆ ರುಜುವಾತಾದರೆ ಕೆಲಸವೂ ಹೋಯಿತು, ಹಬ್ಬವೂ ಹೋಯಿತು. ಸುಳ್ಳು ಆರೋಪ ಹೊರಿಸಿದವನಿಗೆ, ನಿಜ ಗೊತ್ತಿದ್ದ ಸ್ಟೋರ್‌ಕೀಪರ್ ಬದುಕಿರುವುದು ಬೇಡವಾಗುತ್ತದೆ. ಕಾಲವನ್ನು 1981ರ ನವರಾತ್ರಿಗೆ ಇಟ್ಟೆ. ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ 1980ರ ಡಿಸೆಂಬರ್ ಕೊನೆಗೆ ಹೂಡಿದ 77 ದಿನಗಳ ಮುಷ್ಕರ ಮುಗಿದು ಬಂದ ಮೊದಲ ದಸರಾ ಅದು. ನನ್ನ ಕಥೆಯದು ಚಿಕ್ಕ ಖಾಸಗಿ ಕಾರ್ಖಾನೆಯಾದರೂ ಆ ವರ್ಷ ಊರಿನ ಎಲ್ಲ ಗೇಟುಗಳಲ್ಲೂ ಅದೇ ಮಾತು. ಯಾರು ಯಾರಿಗೆ ಎದುರಾಗಿ ನಿಂತಿದ್ದರು ಎಂಬುದು ಇನ್ನೂ ಆರಿರಲಿಲ್ಲ.

ಸುಳಿವಿಗೆ ಬರುತ್ತೇನೆ. ಸಲಕರಣೆಗಳ ಉಗ್ರಾಣವಾದ ಟೂಲ್ ಕ್ರಿಬ್‌ನಲ್ಲಿ ಸಲಕರಣೆ ಪಡೆಯುವವನು ತನ್ನ ನಂಬರಿನ ಹಿತ್ತಾಳೆ ಟೋಕನ್ ಕೊಡುತ್ತಾನೆ. ಸಲಕರಣೆ ಇದ್ದ ಜಾಗದ ಕೊಕ್ಕೆಗೆ ಅದನ್ನು ನೇತುಹಾಕುತ್ತಾರೆ. ಸಲಕರಣೆ ಹಿಂದಿರುಗಿದರೆ ಟೋಕನ್ ವಾಪಸು. ಪೂಜೆಗೆ ಎಲ್ಲ ಸಲಕರಣೆಗಳನ್ನೂ ಒರೆಸಿ, ಎಣ್ಣೆ ಹಚ್ಚಿ, ಸಾಲಾಗಿ ಜೋಡಿಸುತ್ತಾರೆ. ಹಾಗಾದರೆ ಪೂಜೆಯ ಹೊತ್ತಿಗೆ ಕೊಕ್ಕೆಗಳೆಲ್ಲ ಖಾಲಿ ಇರಬೇಕು. ನನ್ನ ಕಥೆಯಲ್ಲಿ ಒಂದು ಟೋಕನ್ ಉಳಿದಿದೆ. ಅದು ಮೂರು ವಾರದ ಹಿಂದೆ ಅಮಾನತಾದವನದು. ಅಮಾನತಾದ ದಿನವೇ ಅವನ ಟೋಕನ್‌ಗಳನ್ನೆಲ್ಲ ಗೇಟಿನಲ್ಲಿ ಕಿತ್ತುಕೊಂಡಿದ್ದರು. ಅಂದಮೇಲೆ ನೇತುಹಾಕಿದವರು ಯಾರು? ಈ ಸುಳಿವು ಬೇರೆ ಯಾವ ಹಬ್ಬದಲ್ಲೂ ಹುಟ್ಟುವುದಿಲ್ಲ, ಬೇರೆ ಯಾವ ಜಾಗದಲ್ಲೂ ನಿಲ್ಲುವುದಿಲ್ಲ. ತೀರ್ಪುಗಾರರಲ್ಲಿ ಒಬ್ಬರು ಹೆಸರು ಹಿಡಿದು ಮೆಚ್ಚಿದ್ದೂ ಇದನ್ನೇ. ಆ ಟೋಕನ್ನನ್ನು ಎರಡನೆಯ ಪುಟದಲ್ಲೇ ಓದುಗರ ಕಣ್ಣೆದುರು ಇಟ್ಟಿದ್ದೇನೆ, ಆದರೂ ಯಾರಿಗೂ ಕಂಡಿಲ್ಲ. ಹೇಗೆ ಇಟ್ಟೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಮುಂದಿನ ಎರಡು ಕಥೆಗಳಿಗೆ ನನಗದು ಬೇಕು.

ಎರಡನೆಯ ಸುಳಿವು ಮಾತಿನದು. ಮಹಾನವಮಿಗೆ ಸರ್ಕಾರಿ ರಜೆ ಇರುವುದರಿಂದ ಎಷ್ಟೋ ಕಡೆ ಪೂಜೆಯನ್ನು ಹಿಂದಿನ ಮಧ್ಯಾಹ್ನವೇ ಮುಗಿಸುತ್ತಾರೆ. "ಪೂಜೆಯ ದಿನ ನೋಡಿದೆ" ಎಂದು ಫಿಟ್ಟರ್ ಹೇಳಿದರೆ ಒಂದು ದಿನ, ಹೊರಗಿನಿಂದ ಬಂದ ಇನ್ಸ್‌ಪೆಕ್ಟರ್ ಬರೆದುಕೊಳ್ಳುವುದು ಇನ್ನೊಂದು ದಿನ. ಇಡೀ ಹುಸಿ ಸಾಕ್ಷ್ಯ ಈ ಒಂದು ಪದದ ಮೇಲೆ ನಿಂತಿದೆ.

ಮೂರನೆಯದು ಬಣ್ಣದ್ದು, ಅದಕ್ಕಾಗಿ ಅಡುಗೆಮನೆಯಲ್ಲಿ ಎರಡು ತಿಂಗಳು ಪ್ರಯೋಗ ಮಾಡಿದೆ. ಬೂದುಕುಂಬಳ ಒಡೆದ ಕೆಂಪು ನೀರಿನ ನಡುವೆ ರಕ್ತ ಮುಚ್ಚಿಹೋಗುತ್ತದೆ ಎಂಬುದು ಎಲ್ಲರಿಗೂ ಹೊಳೆಯುವ ಯೋಚನೆ. ಅದನ್ನು ಬೇರ್ಪಡಿಸುವುದು ಹೇಗೆ? ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು, ಅದಕ್ಕೆ ನಿಂಬೆರಸ ಬಿದ್ದರೆ ಮತ್ತೆ ಹಳದಿ. ಪೂಜೆಯಲ್ಲಿ ಚಕ್ರದಡಿ ನಿಂಬೆಹಣ್ಣು ಇದ್ದೇ ಇರುತ್ತದೆ. ಟ್ರಾಲಿ ಹರಿದಾಗ ಚಿಮ್ಮಿದ ರಸ ಬಿದ್ದಲ್ಲೆಲ್ಲ ಕಲೆ ಹಳದಿಯಾಗಿ, ಒಂದು ಅಂಗೈಯಗಲ ಮಾತ್ರ ಹಾಗೆಯೇ ಉಳಿಯಿತು ಎಂದು ಬರೆದೆ. ಬರೆದ ಮೇಲೆ ಮಾಡಿ ನೋಡಿದರೆ ಪೇಟೆಯಿಂದ ತಂದ ಕುಂಕುಮ ತಿರುಗಲೇ ಇಲ್ಲ. ಅದರಲ್ಲಿ ಇರುವುದು ಬೇರೆ ಬಣ್ಣ. ನಾಲ್ಕು ಅಂಗಡಿಯ ಕುಂಕುಮ ತಂದೆ, ಮೂರು ಹಾಗೇ ಉಳಿದವು. ಕೊನೆಗೆ ಕುಂಬಳಕಾಯಿಯ ಕುಂಕುಮ ಬಿಟ್ಟು, ಹೆಂಗಸರು ತಟ್ಟೆಯಲ್ಲಿ ಕಲಸುವ ಆರತಿ ನೀರಿಗೆ ಬದಲಿಸಿದೆ. ಅದರಲ್ಲಿ ನಿಜವಾದ ಅರಿಶಿನ ಸುಣ್ಣವೇ ಇರುತ್ತದೆ. ಹೊಸ ಸಿಮೆಂಟ್ ನೆಲದಲ್ಲಿ ಹಳದಿ ನಿಲ್ಲಲಿಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪಡರಿತು, ಸಿಮೆಂಟಿನಲ್ಲೇ ಸುಣ್ಣದ ಗುಣ ಇದೆಯಲ್ಲ. ಎಣ್ಣೆ ಕುಡಿದ ಹಳೆಯ ಕಲ್ಲುಹಾಸಿನ ಮೇಲೆ ಸರಿಯಾಗಿ ಬಂತು. ಹೀಗಾಗಿ ಕಥೆಯ ಕಾರ್ಖಾನೆ ಇಪ್ಪತ್ತು ವರ್ಷ ಹಳೆಯದಾಯಿತು. ಯಂತ್ರದಲ್ಲಿ ಬಿಸಿ ಆರಿಸಲು ಸುರಿಯುವ ಕೂಲೆಂಟ್ ದ್ರವದ ಮೇಲೆ ಒಣ ಅರಿಶಿನ ಉದುರಿಸಿದರೂ ಕೆಂಪಾಗುತ್ತದೆ ಎಂಬುದು ಈ ಗಡಿಬಿಡಿಯಲ್ಲಿ ಸಿಕ್ಕ ಲಾಭ. ಅದನ್ನು ಇನ್ನೊಂದು ಕಥೆಗೆ ಎತ್ತಿಟ್ಟಿದ್ದೇನೆ.

ಉದ್ದದ ಸಮಸ್ಯೆಯನ್ನು ವಿದೇಶದ ಪ್ರಶಸ್ತಿಯೊಂದು ಬಿಡಿಸಿತು. ಸಣ್ಣ ಅಪರಾಧ ಕಥೆಗಳಿಗೇ ಮೀಸಲಾದ ಡೆರಿಂಜರ್ ಪ್ರಶಸ್ತಿಯವರು ಪದಗಳ ಲೆಕ್ಕದಲ್ಲಿ ವಿಭಾಗ ಮಾಡುತ್ತಾರೆ: ಸಾವಿರದವರೆಗೆ ಒಂದು, ನಾಲ್ಕು ಸಾವಿರದವರೆಗೆ ಒಂದು, ಎಂಟು ಸಾವಿರ, ಇಪ್ಪತ್ತು ಸಾವಿರ. ಅಮೆರಿಕದ ಎಡ್ಗರ್ ಪ್ರಶಸ್ತಿಯಲ್ಲೂ ಬ್ರಿಟನ್ನಿನ ಡ್ಯಾಗರ್ ಪ್ರಶಸ್ತಿಗಳಲ್ಲೂ ಸಣ್ಣಕಥೆಗೆ ಜಾಗ ಇದೆ, ಆದರೆ ಅಳತೆಗೋಲಾಗಿ ನನಗೆ ಒದಗಿದ್ದು ಡೆರಿಂಜರ್. ಮೂರು ಸುಳಿವಿನ ಕಥೆ ನಾಲ್ಕು ಸಾವಿರದ ಗೇಜಿನೊಳಗೆ ಹೋಗಲೇಬೇಕು ಎಂದು ಹಟ ಹಿಡಿದೆ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ ಅವರ ನಾಲ್ಕು ಸಾವಿರ ನಮ್ಮ ಇಪ್ಪತ್ತೆಂಟು ನೂರಕ್ಕೆ ಸಮ ಎಂಬುದು ನನ್ನ ಅಂದಾಜು. ಏಳು ಸಾವಿರದಷ್ಟಿದ್ದ ಪ್ರತಿ ಅದರ ಹತ್ತಿರಕ್ಕೆ, ಮೂರು ಸಾವಿರಕ್ಕೆ ಇಳಿಯಿತು. ಕಡಿದದ್ದು ಹೆಚ್ಚಾಗಿ ಭಾಷಣ. ಯೂನಿಯನ್ನಿನವರು ಬರೆಯುವಾಗ ಭಾಷಣ ತಾನಾಗಿ ಬರುತ್ತದೆ, ಎಚ್ಚರವಿರಲಿ.

ಇನ್ನೊಂದು ಮಾತು. ಹಬ್ಬದ ಕಥೆಯನ್ನು ಹಬ್ಬದ ಹೊತ್ತಿಗೆ ಬರೆದರೆ ಕೆಟ್ಟಿರಿ. ದೀಪಾವಳಿ ಸಂಚಿಕೆಗೆ ಆಷಾಢದಲ್ಲೇ ಕಳಿಸಬೇಕು, ಆಗ ಚೆಂಡುಹೂವಿನ ವಾಸನೆ ನೆನಪಿರುವುದಿಲ್ಲ. ಹಿಂದಿನ ವರ್ಷದ ಪೂಜೆಯ ದಿನವೇ ಚಿಕ್ಕ ಪುಸ್ತಕ ಹಿಡಿದು, ಎಷ್ಟು ಗಂಟೆಗೆ ಗೇಟು ತೆರೆದರು, ಯಾರು ಪುರಿ ಹಂಚಿದರು, ಮಂಗಳಾರತಿ ಹೊತ್ತಿಗೆ ಯಾವ ಸೆಕ್ಷನ್ ಖಾಲಿಯಿತ್ತು ಎಂದೆಲ್ಲ ಬರೆದಿಟ್ಟುಕೊಂಡೆ.

ಹಣದ ವಿಷಯ ಮುಚ್ಚಿಡುವುದಿಲ್ಲ. 2012ರ ಸುಮಾರಿಗೆ ಭವಿಷ್ಯನಿಧಿಯ ಹಣದಲ್ಲಿ ಐವತ್ತೈದು ಸಾವಿರ ಹಾಕಿ ಒಂದು ಕಾದಂಬರಿ ಅಚ್ಚು ಮಾಡಿಸಿದ್ದೆ, ಸಾವಿರ ಪ್ರತಿ. ಆರು ನೂರಕ್ಕೂ ಮೇಲೆ ಅಟ್ಟದಲ್ಲೇ ಉಳಿದವು, ಒಂದಷ್ಟನ್ನು ಗೆದ್ದಲು ತಿಂದಿತು. ಪುಸ್ತಕ ಬಂದದ್ದು ಮಾರ್ಚಿನಲ್ಲಿ. ಯಾರ ಕೈಯಲ್ಲೂ ದುಡ್ಡಿರಲಿಲ್ಲ. ಈ ಸಲ ಬಹುಮಾನ ಏಳು ಸಾವಿರ ಬಂತು. ಆರು ಕಥೆ ಸೇರಿಸಿ 128 ಪುಟದ ಸಂಕಲನ ಮಾಡಿ ಐನೂರು ಪ್ರತಿ ಅಚ್ಚು ಹಾಕಿಸಿದೆ, ಪುಟ ಜೋಡಣೆಯ ಡಿಟಿಪಿ ಸೇರಿ ನಲವತ್ತೆರಡು ಸಾವಿರ. ಬೆಲೆ 150. ಅಂಗಡಿಯವರಿಗೆ ಶೇಕಡಾ 40 ಬಿಡಬೇಕಾದ್ದರಿಂದ ನೂರಿಪ್ಪತ್ತರಷ್ಟು ಮಾತ್ರ ಅಲ್ಲಿಗೆ ಕೊಟ್ಟೆ. ಉಳಿದವನ್ನು ಬೋನಸ್ ಬಟವಾಡೆಯ ವಾರ ಎರಡನೆಯ ಶಿಫ್ಟ್ ಬಿಡುವ ಹೊತ್ತಿಗೆ ಗೇಟುಗಳ ಎದುರಿನ ಚಹಾ ಅಂಗಡಿಗಳಲ್ಲಿ ಇಟ್ಟು 130ರಂತೆ ಮಾರಿದೆ. ಮೂರು ವಾರದಲ್ಲಿ 260ರ ಹತ್ತಿರ ಹೋದವು. ಹಾಕಿದ್ದು ಬಂದು ಎರಡೂವರೆ ಸಾವಿರ ಮಿಕ್ಕಿತು, ಬಹುಮಾನದ ಹಣ ಬೇರೆ. ಕನ್ನಡ ಪುಸ್ತಕ ಗೇಟಿನಲ್ಲಿ ಮಾರಾಟವಾಗುವುದಿಲ್ಲ ಎಂದವರಿಗೆ ಈ ಲೆಕ್ಕದ ಪುಸ್ತಕವನ್ನೇ ತೋರಿಸಿದ್ದೇನೆ.

ಹಿರಿಯ ಸಂಗಾತಿಗೆ ಸಂಕಲನದ ಮೊದಲ ಪ್ರತಿ ಕೊಟ್ಟೆ. ಅವರು ಈಗ ಕಣ್ಣು ಮಂಜಾಗಿ ಮೊಮ್ಮಗಳಿಂದ ಓದಿಸಿಕೊಳ್ಳುತ್ತಾರೆ. ಮುಗಿದ ಮೇಲೆ ಫೋನ್ ಮಾಡಿಸಿ ಒಂದು ತಪ್ಪು ಹೇಳಿದರು: 1981ರಲ್ಲಿ ಅಷ್ಟು ಚಿಕ್ಕ ಕಾರ್ಖಾನೆಯ ಟೋಕನ್ ಮೇಲೆ ನಾಲ್ಕು ಅಂಕಿಯ ನಂಬರ್ ಇರುವುದಿಲ್ಲ, ಮೂರು ಇರಬೇಕು. ಅವರು ಹೇಳಿದ್ದು ಸರಿ. ಎರಡನೆಯ ಮುದ್ರಣಕ್ಕೆ ತಿದ್ದಿ ಕೊಟ್ಟಿದ್ದೇನೆ, ಮುನ್ನೂರು ಪ್ರತಿ, ಮಹಾನವಮಿಗೆ ಮುಂಚೆ ಕೈಗೆ ಬರುತ್ತದೆ.