ಬ್ರಷ್ ಹಾಕಿ ತಿಕ್ಕಿದ ಕಾಲು

ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರ ಸಂಜೆ ನಮ್ಮ ಚರ್ಚಿನಲ್ಲಿ ಗುರುಗಳು, ಅಂದರೆ ಪಾದ್ರಿಗಳು, ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಕಡೇ ಊಟದ ರಾತ್ರಿ ಶಿಷ್ಯರ ಕಾಲು ತೊಳೆದ ನೆನಪಿಗೆ. ಒಂದು ವರ್ಷ ಆ ಹನ್ನೆರಡರಲ್ಲಿ ನನ್ನ ಹೆಸರೂ ಬಂತು. ಅವತ್ತು ಮಧ್ಯಾಹ್ನ ನಾನು ಮಾಡಿದ್ದೇನು ಗೊತ್ತಾ? ಬಚ್ಚಲಲ್ಲಿ ಕೂತು ಬಟ್ಟೆ ಒಗೆಯುವ ಬ್ರಷ್‌ನಿಂದ ಹಿಮ್ಮಡಿ ತಿಕ್ಕಿದೆ. ಉಗುರು ಕತ್ತರಿಸಿದೆ. ಬಿರುಕಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಹೊಸ ಸಾಕ್ಸ್ ಹಾಕಿಕೊಂಡು ಹೋದೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ ಮೇಲೆ ಹೆಂಗಸರೂ ಆ ಸಾಲಿನಲ್ಲಿ ಕೂರಬಹುದು. ನನ್ನ ಪಕ್ಕದಲ್ಲಿದ್ದವರ ನೇಲ್‌ಪಾಲಿಶ್ ವಾಸನೆ ಇನ್ನೂ ಆರಿರಲಿಲ್ಲ. ಸಾಲಿನಲ್ಲಿ ಕೊಳೆ ಕಾಲು ಒಂದೂ ಇರಲಿಲ್ಲ ಅನ್ನಿ!

ಬೈಬಲಿನ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಶಿಷ್ಯ ಪೇತ್ರ ಯೇಸುವಿಗೆ, ನನ್ನ ಕಾಲು ನೀವು ತೊಳೆಯುವುದೇ ಬೇಡ ಅಂತ ಹಟ ಹಿಡಿಯುತ್ತಾನೆ. ಎಂಥ ವಿನಯ ಅಂದುಕೊಂಡಿದ್ದೆ. ಗುರುಗಳು ಮೊಣಕಾಲೂರಿ, ನನ್ನ ಬಲಗಾಲು ಹಿಡಿದು ನೀರು ಬಿಟ್ಟಾಗ ಪೇತ್ರನ ಸಂಕಟ ಗೊತ್ತಾಯಿತು. ಕಾಲು ಹಿಂದಕ್ಕೆ ಎಳೆದುಕೊಳ್ಳೋಣ ಅನ್ನಿಸಿತು. ಬೇರೆಯವರ ಸೇವೆಗೆ ನಾನು ಸದಾ ಮುಂದು. ಹಬ್ಬದ ಊಟದ ತಟ್ಟೆ ತೊಳೆಯುವವನೂ ನಾನೇ, ಬೆಂಚು ಎಳೆಯುವವನೂ ನಾನೇ. ಆದರೆ ನನಗೆ ಯಾರಾದರೂ ಏನಾದರೂ ಮಾಡಿದರೆ ಮೈಯೆಲ್ಲ ಮುಳ್ಳು. ಅದು ವಿನಯ ಅಲ್ಲ, ಯಾರ ಹಂಗೂ ಬೇಡ ಅನ್ನುವ ಜಂಬ.

ಅದಕ್ಕೂ ಮುಂಚೆ ವಿನಯ ಕಲಿಯೋಕೆ ಒಂದು ಪ್ರಯೋಗ ಮಾಡಿದ್ದೆ. ಔತಣಕ್ಕೆ ಕರೆದರೆ ಕೊನೆಯ ಜಾಗದಲ್ಲಿ ಕೂತುಕೊ ಅಂತ ಲೂಕರ ಶುಭಸಂದೇಶದಲ್ಲಿದೆ, ಅಲ್ವಾ? ಒಂದು ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಪೂರ್ತಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತೆ. ಯಾರಾದರೂ ಬಂದು ‘ಸರ್, ಮುಂದೆ ಬನ್ನಿ’ ಅಂತಾರೆ ಅಂತ ಒಳಗೊಳಗೇ ಕಾಯುತ್ತಿದ್ದೆ. ಯಾರೂ ಕರೆಯಲಿಲ್ಲ. ಮೂರನೇ ವಾರ ಒಬ್ಬರು ಬಂದು, ‘ಮಂಡಿ ನೋವಾ?’ ಅಂತ ಕೇಳಿ ಹೋದರು.

ದಾರಿ ಸಿಕ್ಕಿದ್ದು ಪಾಪನಿವೇದನೆಯಲ್ಲಿ, ಅಂದರೆ ಗುರುಗಳ ಹತ್ತಿರ ಪಾಪ ಹೇಳಿಕೊಳ್ಳುವಾಗ. ನಾನು ಪ್ರತಿ ಸಲ ‘ಗರ್ವಪಟ್ಟಿದ್ದೇನೆ’ ಅನ್ನುತ್ತಿದ್ದೆ. ಹೇಳೋಕೆ ಮರ್ಯಾದಸ್ಥ ಪಾಪ ಅದು. ಒಂದು ದಿನ ಗುರುಗಳು ಕೇಳಿದರು, ‘ಯಾರ ಹತ್ತಿರ? ಏನು ಮಾಡಿದಿರಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದಿನಿಂದ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ರಾತ್ರಿ ಮಲಗುವ ಮುಂಚೆ ಎರಡು ಸಾಲು. ‘ಜಂಬ’ ಅಂತ ಬರೆಯುವ ಹಾಗಿಲ್ಲ. ಯಾರ ಮಾತನ್ನು ಅರ್ಧಕ್ಕೆ ಕತ್ತರಿಸಿದೆ, ಎಲ್ಲಿ ಸುಳ್ಳು ಹೇಳಿ ತಪ್ಪಿಸಿಕೊಂಡೆ, ಅಷ್ಟೇ. ಮೊದಲ ವಾರವೆಲ್ಲ ಹೆಂಡತಿಯ ಹೆಸರೇ ಇತ್ತು.

ನಾನು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಬೋರ್ಡಿನ ಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದರೆ ಮೇಷ್ಟ್ರುಗಳಿಗೆ ಒಂದು ಸಿದ್ಧ ಉತ್ತರ ಇದೆ. ‘ನೀವು ಗಮನ ಕೊಡ್ತಿದ್ದೀರಾ ಅಂತ ಪರೀಕ್ಷೆ ಮಾಡಿದೆ!’ ಇಪ್ಪತ್ತು ವರ್ಷ ಅದನ್ನೇ ಹೇಳಿದ್ದೇನೆ. ನೋಟ್‌ಬುಕ್ ಶುರುವಾದ ಮೇಲೆ ಒಂದು ದಿನ ಆವರಣ ಬಿಡಿಸುವಾಗ ಮೈನಸ್ ಚಿಹ್ನೆ ಬಿಟ್ಟೆ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಹಳೇ ಮಾತು ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡು, ‘ತಪ್ಪಾಯ್ತು. ನೀನು ಹೇಳಿದ್ದೇ ಸರಿ’ ಅಂದೆ. ಕ್ಲಾಸು ಒಂದು ಕ್ಷಣ ಗಪ್‌ಚುಪ್. ಆಮೇಲೆ ನಗು. ಕಿವಿ ಬಿಸಿಯಾಯಿತು. ಡಸ್ಟರ್ ತಗೊಂಡು ಪೂರ್ತಿ ಲೆಕ್ಕ ಅಳಿಸಿ ಮೊದಲಿಂದ ಬರೆದೆ.

ಮನೆಯಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ನನ್ನ ಕ್ಷಮೆಗೆ ಯಾವಾಗಲೂ ಬಾಲ ಇರುತ್ತೆ: ‘ಸಾರಿ, ಆದ್ರೆ ನೀನೂ...’ ಈಗ ‘ಆದ್ರೆ’ ಬರುವ ಮುಂಚೆ ಬಾಯಿ ಮುಚ್ಚೋದನ್ನು ಅಭ್ಯಾಸ ಮಾಡುತ್ತಿದ್ದೇನೆ. ವಾರಕ್ಕೆ ಒಂದೆರಡು ಸಲ ಗೆಲ್ಲುತ್ತೇನೆ. ಉಳಿದ ದಿನ ಬಾಲ ಹೊರಗೆ ಬಂದೇ ಬರುತ್ತೆ.

ಈ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನೀರು ಬಿಸಿ ಮಾಡಿ ಹೂಜಿಗೆ ತುಂಬುವ ಕೆಲಸ ಕೊಟ್ಟರು. ಬೇಜಾರಾಯಿತು. ರಾತ್ರಿ ಅದನ್ನೂ ಬರೆದಿಟ್ಟೆ.