ಪದ್ಮಿನಿಯ ತುಕ್ಕಿಗೆ ನಿಂಬೆ ಉಪ್ಪಿನ ನೀರು: ನನ್ನ ಅನುಭವ

ಪ್ರೀಮಿಯರ್ ಪದ್ಮಿನಿ ಕಾರಿನ ಬ್ರೇಕ್ ಡ್ರಮ್ಮು, ಅದರ ಹಿಂದಿನ ಪ್ಲೇಟು, ಬಂಪರ್ ಬ್ರಾಕೆಟ್ಟು, ಬಾಗಿಲಿನ ಕೀಲು, ಜಾಕಿ, ಸಾಮಾನ್ಯ ನಟ್ಟು ಬೋಲ್ಟು, ಇವುಗಳ ತುಕ್ಕು ತೆಗೆಯಲು ನಾನು ಬಳಸುವುದು ಸಿಟ್ರಿಕ್ ಆಸಿಡ್ ಮತ್ತು ವಾಷಿಂಗ್ ಸೋಡಾ. ಸಿಟ್ರಿಕ್ ಆಸಿಡ್ ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುತ್ತದೆ. ಕೆಜಿಗಟ್ಟಲೆ ಬೇಕಾದರೆ ಕೆಮಿಕಲ್ ಅಂಗಡಿಯಲ್ಲಿ ಕೊಳ್ಳುವುದು ಅಗ್ಗ.

ಗ್ಯಾರೇಜುಗಳಲ್ಲಿ ಬಾತ್‌ರೂಮ್ ತೊಳೆಯುವ ಆಸಿಡ್ಡಿಗೆ ಅದ್ದಿ ಹತ್ತು ನಿಮಿಷದಲ್ಲಿ ಬೆಳ್ಳಗೆ ಮಾಡಿಕೊಡುವವರಿದ್ದಾರೆ. ಅದು ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕನ್ನು ತಿಂದಷ್ಟೇ ಹಸಿವಿನಿಂದ ಕಬ್ಬಿಣವನ್ನೂ ತಿನ್ನುತ್ತದೆ. ಅದರ ಕ್ಲೋರೈಡ್ ಲೋಹದ ಕುಳಿಗಳಲ್ಲಿ ಕೂತು, ಬಣ್ಣ ಹೊಡೆದ ಮೇಲೆ ಒಳಗಿಂದಲೇ ಮತ್ತೆ ತುಕ್ಕು ಎಬ್ಬಿಸುತ್ತದೆ. ಆವಿ ತಗಲಿದ ಸ್ಪ್ಯಾನರುಗಳೂ ಮಾರನೆಯ ದಿನಕ್ಕೆ ಕೆಂಪಾಗಿರುತ್ತವೆ. ಹಳೇ ಭಾಗಗಳ ಹತ್ತಿರ ಅದನ್ನು ತರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವಿನೆಗರ್ ನಡೆಯುತ್ತದೆ, ಆದರೆ ಅದರಲ್ಲಿ ಅಸಿಟಿಕ್ ಆಸಿಡ್ ಇರುವುದು 4–5% ಮಾತ್ರ. ಒಂದು ಡ್ರಮ್ಮು ಮುಳುಗಿಸುವಷ್ಟು ವಿನೆಗರಿನ ಬೆಲೆಗೆ ನಿಂಬೆ ಉಪ್ಪು ಎಷ್ಟೋ ಪಟ್ಟು ಹೆಚ್ಚು ಕೆಲಸ ಮಾಡುತ್ತದೆ.

ಅಳತೆ ಹೀಗೆ. ಹತ್ತು ಲೀಟರ್ ನೀರಿಗೆ ಒಂದು ಕೆಜಿ ಸಿಟ್ರಿಕ್ ಆಸಿಡ್, 400 ಗ್ರಾಂ ಸೋಡಾ ಆ್ಯಶ್ (ನೀರಿನಂಶವಿಲ್ಲದ ವಾಷಿಂಗ್ ಸೋಡಾ) ಪುಡಿ, ಎರಡು ಮೂರು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಹರಳು ಹರಳಾಗಿ ಸಿಗುವ ವಾಷಿಂಗ್ ಸೋಡಾ ಆದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ 400 ಗ್ರಾಂ ಸಾಲದು, 1.1 ಕೆಜಿ ಹಾಕಬೇಕು. ಮೊದಲು ಆಸಿಡ್ ಕರಗಿಸಿ, ಆಮೇಲೆ ಸೋಡಾವನ್ನು ಒಂದೊಂದೇ ಹಿಡಿ ಹಾಕಿ. ಕಾರ್ಬನ್ ಡೈಆಕ್ಸೈಡ್ ನೊರೆ ಉಕ್ಕಿ ಬರುವುದರಿಂದ ಹತ್ತು ಲೀಟರಿಗೆ ಇಪ್ಪತ್ತು ಲೀಟರಿನ ಬಕೆಟ್ಟೇ ಬೇಕು. ಲಿಕ್ವಿಡ್ ಹಾಕುವುದು ನೊರೆ ಇಳಿದ ಮೇಲೆ.

ಆಸಿಡ್ಡಿಗೆ ಸೋಡಾ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಬರೀ ಸಿಟ್ರಿಕ್ ಆಸಿಡ್ ನೀರಿನ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 2ರ ಆಸುಪಾಸು ಇರುತ್ತದೆ. ಅಲ್ಲಿ ಅದು ತುಕ್ಕನ್ನು ಕರಗಿಸುತ್ತಲೇ ಬರಿ ಕಬ್ಬಿಣದ ಮೇಲೂ ಹೈಡ್ರೋಜನ್ ಗುಳ್ಳೆ ಎಬ್ಬಿಸುತ್ತದೆ. ಸೋಡಾ ಸೇರಿ ಪಿಎಚ್ 4ರ ಹತ್ತಿರ ಬಂದಾಗ ಕಬ್ಬಿಣದ ಮೇಲಿನ ದಾಳಿ ಬಹಳ ತಗ್ಗುತ್ತದೆ. ಆದರೆ ಸಿಟ್ರೇಟ್ ಕಣಗಳು ತುಕ್ಕಿನೊಳಗಿನ ಕಬ್ಬಿಣವನ್ನು ಕಚ್ಚಿ ಹಿಡಿದು ನೀರಿಗೆ ಎಳೆದುಕೊಳ್ಳುವ ಕೆಲಸ ನಿಲ್ಲುವುದಿಲ್ಲ. ವಿದ್ಯುತ್ ಸ್ಥಾವರದ ಬಾಯ್ಲರುಗಳನ್ನು ಒಳಗಿಂದ ಶುಚಿ ಮಾಡುವಾಗಲೂ ಇದೇ ಲೆಕ್ಕ: ಅಲ್ಲಿ ಸೋಡಾ ಬದಲು ಅಮೋನಿಯಾ ಹಾಕಿ ಸಿಟ್ರಿಕ್ ಆಸಿಡ್ಡಿನ ಪಿಎಚ್ ಅನ್ನು 3.5ರ ಸುತ್ತ ಇಡುತ್ತಾರೆ. ಪಿಎಚ್ ಕಾಗದದ ಒಂದು ಪುಸ್ತಕ ತಂದಿಟ್ಟುಕೊಳ್ಳಿ, ಊಹೆ ಬೇಡ.

ಬಾವಿ ಅಥವಾ ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರ ಸುಣ್ಣವೂ ಒಂದಿಷ್ಟು ಸಿಟ್ರಿಕ್ ತಿನ್ನುತ್ತದೆ. ದ್ರಾವಣಕ್ಕೆ ಅದು ಅಷ್ಟು ದೊಡ್ಡ ವಿಷಯವಲ್ಲ, ಕೊನೆಯ ತೊಳೆತಕ್ಕೆ ಮಾತ್ರ ದೊಡ್ಡ ವಿಷಯ.

ಅದ್ದುವ ಮೊದಲು ಗ್ರೀಸು ಪೂರ್ತಿ ಹೋಗಬೇಕು. ಎಣ್ಣೆಯ ಪದರ ಇದ್ದಲ್ಲಿ ಆಸಿಡ್ ಮುಟ್ಟುವುದೇ ಇಲ್ಲ. ಮಾರನೆಯ ದಿನ ತೆಗೆದಾಗ ಭೂಪಟದ ಹಾಗೆ ಅಲ್ಲಲ್ಲಿ ಕಂದು ಉಳಿದಿದ್ದರೆ ಕಾರಣ ಅದೇ. ಡೀಸೆಲ್ಲಿನಲ್ಲಿ ತೊಳೆದು, ಆಮೇಲೆ ಬಿಸಿ ನೀರಿಗೆ ಲೀಟರಿಗೆ 50 ಗ್ರಾಂ ಸೋಡಾ ಹಾಕಿ ಉಜ್ಜಿ. ತಣ್ಣೀರು ಹಾಕಿದಾಗ ಮಣಿ ಕಟ್ಟದೆ ಹಾಳೆಯಂತೆ ಹರಿದರೆ ಜಿಡ್ಡು ಹೋಗಿದೆ. ಪದರು ಪದರಾಗಿ ಎದ್ದ ತುಕ್ಕನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಉದುರಿಸಿ, ಅದನ್ನೂ ಆಸಿಡ್ಡಿಗೆ ಉಣಿಸುವುದು ದಂಡ. ಬಣ್ಣವನ್ನು ಸಿಟ್ರಿಕ್ ತೆಗೆಯುವುದಿಲ್ಲ, ಅದಕ್ಕೆ ಪೇಂಟ್ ರಿಮೂವರ್ ಬೇರೆ. ಬ್ರೇಕಿನ ಭಾಗಗಳ ಮೇಲಿನ ಹಳೆಯ ಧೂಳನ್ನು ಒಣಗಿದ್ದಾಗ ಊದಬೇಡಿ, ಬ್ರಷ್ ಹಾಕಲೂಬೇಡಿ. ಹಳೇ ಬ್ರೇಕ್ ಲೈನರ್‌ಗಳಲ್ಲಿ ಶ್ವಾಸಕೋಶ ಕೆಡಿಸುವ ಆಸ್‌ಬೆಸ್ಟಾಸ್ ನಾರು ಇರುತ್ತಿತ್ತು, ನೆನೆಸಿಯೇ ಒರೆಸಬೇಕು.

ಏನನ್ನು ಅದ್ದಬಾರದು ಎಂಬುದು ಅಳತೆಗಿಂತ ಮುಖ್ಯ. ಲೀಫ್ ಸ್ಪ್ರಿಂಗ್, ಕಾಯಿಲ್ ಸ್ಪ್ರಿಂಗ್, ವಾಲ್ವ್ ಸ್ಪ್ರಿಂಗ್, ಸರ್ಕ್ಲಿಪ್, ಸ್ಪ್ರಿಂಗ್ ವಾಷರ್, ಬೇರಿಂಗು, ತಲೆಯ ಮೇಲೆ 12.9 ಎಂದು ಬಲದ ದರ್ಜೆ ಬರೆದ ಬೋಲ್ಟು, ಇವೆಲ್ಲ ಗಟ್ಟಿ ಉಕ್ಕು. ಆಸಿಡ್ಡಿನಲ್ಲಿ ಹುಟ್ಟುವ ಹೈಡ್ರೋಜನ್ ಉಕ್ಕಿನ ಒಳಗೆ ನುಗ್ಗಿ ಅದನ್ನು ಪೆಡಸು ಮಾಡುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ. ಬಿಗಿ ಮಾಡಿ ಇಟ್ಟ ಮೇಲೆ ಗಂಟೆಗಳೋ ದಿನಗಳೋ ಕಳೆದು ಟಪ್ಪನೆ ಮುರಿಯುತ್ತದೆ. 10.9 ಬೋಲ್ಟನ್ನೂ ನಾನು ಅದ್ದುವುದಿಲ್ಲ, ಹೊಸದು ಹಾಕುತ್ತೇನೆ. ಸ್ಟೀರಿಂಗಿನ ಭಾಗಗಳಿಗೆ ವೈರ್ ಬ್ರಷ್ಷೇ ಗತಿ. ಬಾಗಿಲಿನ ಲಾಕ್ ಬಿಚ್ಚುವಾಗ ಒಳಗಿನ ಸಣ್ಣ ಸ್ಪ್ರಿಂಗನ್ನು ಮೊದಲು ತೆಗೆದಿಡಿ.

ಎರಡನೆಯದು ಬೇರೆ ಲೋಹಗಳು. ಕಾರ್ಬುರೇಟರಿನ ಮೈ ಸತುವಿನ ಮಿಶ್ರಲೋಹ, ಅದನ್ನೂ ಅಲ್ಯೂಮಿನಿಯಂ ಭಾಗಗಳನ್ನೂ ಈ ನೀರು ಕೆಡಿಸುತ್ತದೆ. ಸತುವಿನ ಲೇಪ ಇರುವ ಬೋಲ್ಟು ಹಾಕಿದರೆ ಜೋರಾಗಿ ಗುಳ್ಳೆ ಬಂದು ಲೇಪ ಪೂರ್ತಿ ಕರಗುತ್ತದೆ, ಆಸಿಡ್ಡೂ ವ್ಯರ್ಥ. ಹಿತ್ತಾಳೆ ಬುಷ್ ಕೂತಿರುವ ಕೀಲನ್ನು ಹಾಗೇ ಅದ್ದಿದರೆ ಬುಷ್‌ನಿಂದ ಕರಗಿದ ತಾಮ್ರ ಉಕ್ಕಿನ ಮೇಲೆ ಗುಲಾಬಿ ಬಣ್ಣದಲ್ಲಿ ಕೂರುತ್ತದೆ. ಅದೇ ಕಾರಣಕ್ಕೆ ಭಾಗಗಳನ್ನು ತಾಮ್ರದ ತಂತಿಯಲ್ಲಿ ತೂಗಹಾಕಬಾರದು, ನೈಲಾನ್ ದಾರ ಸಾಕು. ಪಾತ್ರೆ ಪ್ಲಾಸ್ಟಿಕ್ಕಿನದೇ ಇರಬೇಕು. ಟೈ ರಾಡಿನಷ್ಟು ಉದ್ದದ ಸಾಧಾರಣ ಸರಳುಗಳಿಗೆ ಒಂದು ತುದಿ ಮುಚ್ಚಿದ ಪಿವಿಸಿ ಪೈಪು ನಿಲ್ಲಿಸಿಕೊಂಡರೆ ದ್ರಾವಣ ಉಳಿಯುತ್ತದೆ.

ಭಾಗ ಪೂರ್ತಿ ಮುಳುಗಿರಬೇಕು. ಅರ್ಧ ಹೊರಗಿದ್ದರೆ ನೀರಿನ ಮಟ್ಟದಲ್ಲಿ ಗೆರೆ ಕೊರೆದು ಬಿಡುತ್ತದೆ, ಆ ಗೆರೆ ಪಾಲಿಷ್‌ಗೂ ಹೋಗುವುದಿಲ್ಲ. ಬೋಗುಣಿ ಆಕಾರದ ಭಾಗಗಳನ್ನು ಬೋರಲು ಹಾಕಿದರೆ ಒಳಗೆ ಗಾಳಿ ನಿಂತು ಅಷ್ಟು ಜಾಗ ತುಕ್ಕಾಗಿಯೇ ಉಳಿಯುತ್ತದೆ. ನಡುನಡುವೆ ತಿರುಗಿಸಿ ಇಡಿ. ಮುಚ್ಚಳ ಸಡಿಲವಾಗಿರಲಿ, ಹೈಡ್ರೋಜನ್ ಹೊರಗೆ ಹೋಗಬೇಕು, ಹತ್ತಿರ ಬೀಡಿ ಸಿಗರೇಟು ಬೇಡ.

ಮೇಲ್ಮೈ ತುಕ್ಕಿಗೆ ಬೇಸಿಗೆಯಲ್ಲಿ ಎರಡರಿಂದ ನಾಲ್ಕು ಗಂಟೆ, ದಪ್ಪ ತುಕ್ಕಿಗೆ ಒಂದು ರಾತ್ರಿ. ಡಿಸೆಂಬರಿನ ಬೆಂಗಳೂರಿನಲ್ಲಿ ಇದೇ ಕೆಲಸ ಅರ್ಧಕ್ಕರ್ಧ ನಿಧಾನವಾಗುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ವೇಗ ಸುಮಾರು ಇಮ್ಮಡಿ ಎಂದು ಲೆಕ್ಕ ಇಟ್ಟುಕೊಳ್ಳಿ. ಬಕೆಟ್ಟನ್ನು ಬಿಸಿನೀರಿನ ಟಬ್ಬಿನಲ್ಲಿ ಕೂರಿಸಿದರೆ ಸಾಕು. ಗಂಟೆ ಎಣಿಸುವುದಕ್ಕಿಂತ ತೆಗೆದು ನೋಡುವುದು ಒಳ್ಳೆಯದು: ತೊಳೆದು ನೈಲಾನ್ ಬ್ರಷ್ಷಿನಿಂದ ಉಜ್ಜಿದಾಗ ಕಪ್ಪು ಮಸಿ ಬಿಟ್ಟು ಬೂದು ಲೋಹ ಕಂಡರೆ ಅಲ್ಲಿಗೆ ಸಾಕು. ಎರಕದ ಕಬ್ಬಿಣದ ಡ್ರಮ್ಮಿನಲ್ಲಿ ಈ ಮಸಿ ಹೆಚ್ಚು, ಅದು ಕಬ್ಬಿಣದೊಳಗಿನ ಗ್ರಾಫೈಟು. ಮತ್ತೆ ಅದ್ದಿದರೆ ಮಸಿ ಇನ್ನಷ್ಟು ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ಡ್ರಮ್ಮಿನ ಒಳಮೈಯನ್ನು ಕೊನೆಗೆ ಬ್ರೇಕ್ ಕ್ಲೀನರಿನಿಂದ ಒರೆಸಿ, ವ್ಯಾಸ ಅಳೆದು, ಬಿರುಕು ನೋಡಿಯೇ ಜೋಡಿಸಬೇಕು.

ಇನ್ನು ಹೊರಗೆ ತೆಗೆದ ಮೇಲಿನ ಹೊತ್ತು. ಬಹುತೇಕರ ಕೆಲಸ ಕೆಡುವುದು ಇಲ್ಲೇ. ಬರಿ ಉಕ್ಕು ಒದ್ದೆಯಾಗಿ ಗಾಳಿಗೆ ನಿಂತರೆ ನೋಡನೋಡುತ್ತಲೇ ಹಳದಿಯಾಗುತ್ತದೆ, ಮಳೆಗಾಲದ ಮಂಗಳೂರಿನಲ್ಲಂತೂ ಒರೆಸುವಷ್ಟು ಪುರುಸೊತ್ತೂ ಇರುವುದಿಲ್ಲ. ಹಾಗಾಗಿ ಭಾಗ ತೆಗೆಯುವ ಮೊದಲೇ ಮೂರು ಪಾತ್ರೆ ಸಾಲಾಗಿ ಸಿದ್ಧವಿರಲಿ. ಮೊದಲನೆಯದು ಸಾದಾ ನೀರು, ಮಸಿ ಉಜ್ಜಲು. ಎರಡನೆಯದು ಲೀಟರಿಗೆ 20 ಗ್ರಾಂ ಸೋಡಾ ಹಾಕಿದ ಬಿಸಿನೀರು. ಉಳಿದ ಆಸಿಡ್ ಇಲ್ಲಿ ಸಾಯುತ್ತದೆ, ಕ್ಷಾರದಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುವುದಿಲ್ಲ. ಮೂರನೆಯದು ಕೈ ಹಾಕಲಾಗದಷ್ಟು ಬಿಸಿಯಾದ ಮಳೆನೀರು ಅಥವಾ ಆರ್‌ಒ ನೀರು. ಅದರಲ್ಲಿ ಭಾಗ ಕಾದು, ಮೇಲೆತ್ತಿದ ಕೂಡಲೇ ತನ್ನ ಬಿಸಿಗೆ ತಾನೇ ಒಣಗುತ್ತದೆ. ಬೋರ್‌ವೆಲ್ ನೀರಾದರೆ ಅದರ ಲವಣ ಬಿಳಿ ಕಲೆಯಾಗಿ ನಿಂತು, ಬಣ್ಣದ ಕೆಳಗೆ ತೇವ ಎಳೆಯುತ್ತದೆ. ಮೂಲೆಗಳಿಗೆ ಬ್ಲೋವರ್ ಹಿಡಿಯಿರಿ.

ಎಣ್ಣೆ ಹಚ್ಚುವ ಭಾಗಕ್ಕೆ ಬೆಚ್ಚಗಿರುವಾಗಲೇ ಎಣ್ಣೆ. ಬಣ್ಣದ ಭಾಗಕ್ಕೆ ನಾನು ಇನ್ನೊಂದು ಅದ್ದು ಕೊಡುತ್ತೇನೆ: ಒಂಬತ್ತು ಪಾಲು ನೀರಿಗೆ ಒಂದು ಪಾಲು 85% ಫಾಸ್ಫಾರಿಕ್ ಆಸಿಡ್, ಎರಡು ಮೂರು ನಿಮಿಷ ಮಾತ್ರ. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರಲ್ಲ. ಕನ್ನಡಕ, ರಬ್ಬರ್ ಗ್ಲೌಸ್ ಕಡ್ಡಾಯ. ತೆಗೆದು ಮತ್ತೊಮ್ಮೆ ಬಿಸಿ ಶುದ್ಧ ನೀರಿನಲ್ಲಿ ಅದ್ದಿ ಒಣಗಿಸಿದರೆ ಬೂದು ಬಣ್ಣದ ಕಬ್ಬಿಣದ ಫಾಸ್ಫೇಟ್ ಪದರ ಉಳಿಯುತ್ತದೆ, ಪ್ರೈಮರ್ ಅದಕ್ಕೆ ಚೆನ್ನಾಗಿ ಕಚ್ಚುತ್ತದೆ. ಪ್ರೈಮರ್ ಅದೇ ದಿನ ಆಗಬೇಕು.

ಪೆಟ್ರೋಲ್ ಟ್ಯಾಂಕಿಗೂ ಇದೇ ದ್ರಾವಣ, ಆದರೆ ಪೆಟ್ರೋಲ್ ಆವಿ ಪೂರ್ತಿ ಹೋಗುವವರೆಗೆ ಸೋಪು ನೀರು ತುಂಬಿ ಚೆಲ್ಲಬೇಕು, ಗೇಜಿನ ಯೂನಿಟ್ ಬಿಚ್ಚಿ ಆ ಬಾಯಿಗೆ ರಬ್ಬರ್ ಹಾಳೆ ಬಿಗಿಯಬೇಕು. ಟ್ಯಾಂಕು ಅಂಚಿನವರೆಗೆ ತುಂಬಿರಲಿ. ತುಕ್ಕೇ ತೂತು ಮುಚ್ಚಿಕೊಂಡಿದ್ದ ಟ್ಯಾಂಕು ತುಕ್ಕು ಹೋದ ಮೇಲೆ ಸೋರುತ್ತದೆ. ಅದು ಆಸಿಡ್ಡಿನ ತಪ್ಪಲ್ಲ, ಬೆಸುಗೆ ಮೊದಲೇ ಬೇಕಿತ್ತು.

ದ್ರಾವಣ ಹಳದಿಯಿಂದ ಹಸಿರುಗಪ್ಪಿಗೆ ತಿರುಗುತ್ತದೆ. ಕಪ್ಪಾದ ಮಾತ್ರಕ್ಕೆ ಸತ್ತಿಲ್ಲ. ಆದರೆ ಅದರಲ್ಲಿ ಕರಗಿರುವ ಕಬ್ಬಿಣ ಬರಿ ಉಕ್ಕನ್ನೂ ನಿಧಾನವಾಗಿ ತಿನ್ನುತ್ತದೆ. ಹಾಗಾಗಿ ಹಳೇ ದ್ರಾವಣದಲ್ಲಿ ಭಾಗ ಮರೆತು ಬಿಡಬೇಡಿ. ಒಂದು ರಾತ್ರಿಯಾದರೂ ತುಕ್ಕು ಮೆತ್ತಗಾಗದಿದ್ದರೆ, ಇಲ್ಲವೇ ಮೇಲೆ ಬೂಷ್ಟು ಕಟ್ಟಿದ್ದರೆ ಹೊಸದು ಮಾಡಿ. ಹಳೆಯದಕ್ಕೆ ನೊರೆ ನಿಲ್ಲುವವರೆಗೆ ಸೋಡಾ ಹಾಕಿ, ಆಮೇಲೆ ಸುಣ್ಣ ಕಲಸಿ ಎರಡು ದಿನ ಬಿಟ್ಟರೆ ಕೆಸರು ತಳಕ್ಕೆ ಇಳಿಯುತ್ತದೆ. ಅದರಲ್ಲಿ ಹಳೇ ಬಣ್ಣದ ಸೀಸವೂ ಲೇಪಗಳ ಸತುವೂ ಇರಬಹುದು. ಕೆಸರನ್ನು ಒಣಗಿಸಿ ಗ್ಯಾರೇಜಿನ ಅಪಾಯಕಾರಿ ಕಸದ ಜೊತೆ ಕೊಡಿ. ಗಿಡದ ಬುಡಕ್ಕಾಗಲೀ ರಾಜಕಾಲುವೆಗಾಗಲೀ ಸುರಿಯಬೇಡಿ.